ಯಜಮಾನನ ಮೂಲೆ

"ಕುದುರೆ ನಿಂತಿದ್ದಲ್ಲ, ನೀನು ನಿಲ್ಲಿಸಿದ್ದು! ನಾನೇನು ಕುರುಡನೇನಯ್ಯ?" ಎಂದು ಧಣಿ ಮಿಲ್ನ್ ಕೂಗಿದ.

ಆರಂಬದಾಳು ವಾಟ್ ನೇಗಿಲ ಹಿಡಿಯಿಂದ ಕೈ ತೆಗೆಯಲಿಲ್ಲ, ಮುಂದಕ್ಕೂ ಹೋಗಲಿಲ್ಲ. ಕುದುರೆಗಳೆರಡೂ ಹಬೆಯಾಡುತ್ತ ನಿಂತಿದ್ದವು. ಅವುಗಳ ಮೂತಿಯೆದುರಿಗೆ ಹೊಲದ ಮೂಲೆ. ಹಳದಿ ಹೂವಿನ ಮುಳ್ಳುಪೊದೆ, ನಾಲ್ಕು ಕಲ್ಲು, ಅಷ್ಟೆ. ಅಬರ್ಡೀನ್ ಸೀಮೆಯ ಆ ಊರಲ್ಲಿ ಯಾರ ಅಜ್ಜನೂ ಅಲ್ಲಿ ನೇಗಿಲ ಗುಳ ಊರಿದವನಲ್ಲ. ಅದು ಯಜಮಾನನ ಮೂಲೆ. ಯಜಮಾನ ಅಂದರೆ ಸೈತಾನ; ಹೆಸರು ಹಿಡಿದರೆ ಬಂದುಬಿಟ್ಟಾನೆಂದು ಈ ಮರ್ಯಾದೆಯ ಮಾತು. ಉಳಿದ ಹೊಲದ ಮೇಲೆ ಅವನ ಕಣ್ಣು ಬೀಳದಿರಲಿ ಎಂದು ಹಿಂದಿನವರು ಅಷ್ಟು ಬಿಟ್ಟುಕೊಟ್ಟಿದ್ದರು. ಪಾದ್ರಿಗಳು ಬೈದೂ ಬೈದೂ ಸತ್ತರು. ಜನ ತಲೆಯಾಡಿಸಿ ಬಂದು ಹಾಗೇ ಬಿಟ್ಟರು.

"ಈ ವಯಸ್ಸಲ್ಲಿ ಸೈತಾನನಿಗೆ ಹೆದರ್ತೀಯೇನೋ?"

"ಹಾಗೆ ಹೆಸರು ಹಿಡೀಬೇಡಿ ಧಣಿ. ಯಜಮಾನ ಅನ್ನಿ."

"ಇಲ್ಲಿ ಯಜಮಾನ ನಾನು ಕಣಯ್ಯ! ಗುತ್ತಿಗೆ ಕಟ್ಟೋನು ನಾನು, ಅವನಲ್ಲ. ಉಳ್ತೀಯೋ ಇಲ್ವೋ?"

"ಬೇರೆ ಎಲ್ಲಿ ಬೇಕಾದ್ರೂ ಉಳ್ತೀನಿ."

"ಹಾಗಾದ್ರೆ ಮೇ ತಿಂಗಳಿಗೆ ಮನೆ ಬಿಡು. ಮನೆ ಕೊಟ್ಟಿರೋದು ಆಳಿಗೆ, ಅಂಜುಬುರುಕನಿಗಲ್ಲ." ಮಿಲ್ನ್ ದಡದಡ ಹೊರಟುಹೋದ.

ಬುತ್ತಿ ತಂದಿದ್ದ ವಾಟನ ಹೆಂಡತಿ ಗಿರ್ಜಿ ಕಲ್ಲುಗೋಡೆಯ ಆಚೆಯೇ ನಿಂತಿದ್ದಳು. ಆ ಹೊಲದೊಳಗೆ ಅವಳು ಕಾಲಿಡುತ್ತಿರಲಿಲ್ಲ.

ಅವಳ ಕೂದಲು ನರೆಯದೆ ಕೆಂಪಗಿದ್ದ ಕಾಲದ ಮಾತು. ಹಿಮ ಸುರಿಯುವಾಗ ಹುಟ್ಟಿದ ಗಂಡುಮಗು ಪಾದ್ರಿ ಬರುವಷ್ಟರಲ್ಲಿ ಹೋಯಿತು. ದೀಕ್ಷಾಸ್ನಾನವಿಲ್ಲ, ಹೆಸರಿಲ್ಲ, ಅಂಥದನ್ನು ಚರ್ಚಿನ ಅಂಗಳದಲ್ಲಿ ಹೂಳುವ ವಾಡಿಕೆ ಇರಲಿಲ್ಲ. ವಾಟ್ ಎತ್ತಿಕೊಂಡು ಹೋಗಿ ಬರಿಗೈಲಿ ಬಂದ. ಎಲ್ಲಿ ಎಂದು ಕೇಳಿದಳು. ಯಜಮಾನನ ಮೂಲೆಯಲ್ಲಿ ಎಂದ. ಅಂದಿನಿಂದ ಗಿರ್ಜಿ ಅವನಿಗೆ ಗಂಜಿ ಕಾಯಿಸಿದಳು, ಕಾಲುಚೀಲ ಹೆಣೆದಳು, ಜ್ವರ ಬಂದಾಗ ಪಕ್ಕದಲ್ಲಿ ಕೂತಳು. ಊರ ಹೆಂಗಸರೆಲ್ಲ ಗಂಡನನ್ನು ಕರೆಯುವ ಹಾಗೆ 'ಯಜಮಾನ್ರೇ' ಎಂದು ಮಾತ್ರ ಕರೆಯಲಿಲ್ಲ. ಆ ಮಾತು ಇನ್ನೊಬ್ಬನ ಪಾಲಾಗಿತ್ತು.

"ಮನೇನೂ ಹೋಯ್ತು," ಎಂದಳು. "ಮಗೂನ ಅವನ ಕೈಗೆ ಕೊಡುವಾಗ ನಡುಗದ ಕೈ, ಇವತ್ತೇನು ನಡುಗೋದು?"

"ಕೊಡ್ಲಿಲ್ಲ ಕಣೇ."

"ಮತ್ತೇನು, ಸಾಲ ಕೊಟ್ಟಿದ್ಯಾ?"

ವಾಟ್ ಕುದುರೆಯ ಕುತ್ತಿಗೆ ತಟ್ಟಿದ. "ನಾನು ಉಳೋನು ಗಿರ್ಜಿ. ಗುಳ ಏನೇನು ಮೇಲಕ್ಕೆ ತರುತ್ತೆ ಅಂತ ನೋಡಿದೀನಿ. ಕುರಿ ಮೂಳೆ, ನಾಯಿ ಮೂಳೆ, ಒಂದ್ಸಲ... ಬಿಡು. ಈ ಊರಲ್ಲಿ ನೇಗಿಲು ಬರದ ನೆಲ ಅಂತ ಇರೋದು ಇದೊಂದೇ. ಜನರ ಹೆದರಿಕೇನೇ ನಮ್ಮ ಮಗೂಗೆ ಬೇಲಿ ಆಗ್ಲಿ ಅಂದ್ಕೊಂಡೆ."

ಗಿರ್ಜಿ ಕಲ್ಲುಗೋಡೆ ಹಿಡಿದುಕೊಂಡಳು. "ಇಷ್ಟು ವರ್ಷ ಬಾಯಲ್ಲಿ ಏನಿಟ್ಕೊಂಡಿದ್ದೆ?"

"ಹೇಳಿದ್ರೆ ನೀನು ಹೂ ತರ್ತಿದ್ದೆ. ಹೂ ಕಂಡ್ರೆ ಜನಕ್ಕೆ ಹೆದರಿಕೆ ಹೋಗ್ತಿತ್ತು."

ಬುತ್ತಿಯ ಓಟ್ಸ್ ರೊಟ್ಟಿ ಆ ದಿನ ಕುದುರೆಗಳ ಪಾಲಾಯಿತು.

ಉಳಿದ ಆಳುಗಳಾರೂ ಆ ಮೂಲೆಗೆ ನೇಗಿಲು ತಿರುಗಿಸಲಿಲ್ಲ. ಮಿಲ್ನ್ ಆಡಿದ ಮಾತು ಹಿಂದೆಗೆಯುವವನಲ್ಲ. ದಕ್ಷಿಣದ ಕಡೆಯಿಂದ ಹೊಸ ಆಳನ್ನು ಕರೆಸಿದ, ಇಲ್ಲಿಯ ಕತೆ ಒಂದೂ ಗೊತ್ತಿಲ್ಲದವನನ್ನು. ಮೇ ತಿಂಗಳಲ್ಲಿ ಗಿರ್ಜಿ ಸಾಮಾನು ಗಾಡಿಗೆ ಹೇರುವಾಗ ಆ ಹೊಸ ಆಳಿನ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಎಳೇ ಹುಡುಗಿ, ನಗುಮುಖ, ತುಂಬಿದ ಬಸುರಿ.

"ಆ ಮೂಲೆ ಯಾಕಕ್ಕ ಪಾಳು ಬಿದ್ದಿದೆ? ನಮ್ಮೋರು ನಾಳೇನೇ ಉತ್ತುಬಿಡ್ತಾರೆ. ಆಲೂಗಡ್ಡೆ ಚೆನ್ನಾಗಿ ಬರುತ್ತೆ."

ಗಿರ್ಜಿ ಗಂಟು ಕೆಳಗಿಟ್ಟಳು. ಹುಡುಗಿಯ ಹೊಟ್ಟೆ ನೋಡಿದಳು. ಮಕ್ಕಳ ಸುದ್ದಿ ಎತ್ತಲು ನಾಲಿಗೆ ಏಳಲಿಲ್ಲ. ಕುದುರೆಗಳ ಕತೆ ಕಟ್ಟಿದಳು.

"ಬೇಡ ಕಣವ್ವ. ಅಲ್ಲಿ ಗುಳ ಊರಿದ್ದೇ ತಡ, ಒಬ್ಬನ ಜೋಡಿ ಕುದುರೆ ನಿಂತಲ್ಲೇ ಬಿದ್ದು ಸತ್ತುಹೋದ್ವು. ಬಾಯಲ್ಲಿ ಮಣ್ಣು ತುಂಬಿತ್ತು. ನಾನೇ ನೋಡಿದೀನಿ. ಅದು ಯಜಮಾನನ ಜಾಗ. ನಿನ್ನ ಗಂಡನಿಗೂ ಹೇಳು, ನಾಳೆ ಬರೋ ಆಳಿಗೂ ಹೇಳು."

ಹುಡುಗಿಯ ನಗು ಇಂಗಿತು. "ಯಾವ... ಯಾವ ಯಜಮಾನ?"

ಗಿರ್ಜಿ ಗಂಟೆತ್ತಿಕೊಂಡು ಗಾಡಿಯ ಹತ್ತಿರ ಹೋದಳು.

"ಹೊರಡೋಣ, ಯಜಮಾನ್ರೇ."

ಹಗ್ಗ ಬಿಗಿಯುತ್ತಿದ್ದ ವಾಟನ ಕೈ ಗಂಟಿನ ಮೇಲೆ ನಿಂತುಹೋಯಿತು. ಆಮೇಲೆ ಗಾಡಿ ಹತ್ತಿ ಸರಿದು ಕೂತು ಅವಳಿಗೆ ಜಾಗ ಮಾಡಿದ.

ತಿರುವಿನಲ್ಲಿ ಅವಳು ಹಿಂದಿರುಗಿ ನೋಡಿದಳು. ಮೂಲೆಯ ಕಡೆಗೆ ಓಡಿದ್ದ ತನ್ನ ನಾಯಿಯನ್ನು ಆ ಹುಡುಗಿ ಗಾಬರಿಯಿಂದ ಕೂಗಿ ಕೂಗಿ ಹಿಂದಕ್ಕೆ ಕರೆಯುತ್ತಿದ್ದಳು.