ಕರೆಂಟಿಲ್ಲದ ಕರಿ ವೈರು

ಗಬ್ಬೂರಿನಿಂದ ಒಳಗೆ ಹೋದರೆ ಸಿಗುವ ಆ ಹಳ್ಳಿಯಲ್ಲಿ ನೆಟ್ ಬೇಕಾದವರು ನೀರಿನ ಟಾಕಿ ಹತ್ತುತ್ತಾರೆ. ಅಂದು ಸಂಜೆ ರಾಧಾಳೂ ಹತ್ತಿದ್ದಳು. ನರ್ಸಿಂಗ್ ಸೀಟಿಗೆ ಅರ್ಜಿ ಹಾಕಲು ಮರುದಿನ ಸಂಜೆ ಐದು ಗಂಟೆಯೇ ಗಡುವು. ಫೋನಿನಲ್ಲಿ ಚಕ್ರ ತಿರುಗಿತು, ತಿರುಗಿತು, ನಿಂತಿತು.

ಕೆಳಗೆ ಊರಿನ ಗ್ರಂಥಾಲಯ ನೋಡಿಕೊಳ್ಳುವ ಕಲ್ಯಾಣಿ ನಿಂತಿದ್ದಳು.

“ಗ್ರಂಥಾಲಯದಾಗ ಕೇಬಲ್ ನೆಟ್ ಅದ ಬೇ. ಕುಂತು ಆರಾಮ ತುಂಬಬಹುದಿತ್ತು. ಇಪ್ಪತ್ತು ದಿನ ಆತು, ಸತ್ತು ಬಿದ್ದದ. ಎಲ್ಲಿ ಕೆಟ್ಟದ ಅಂತ ಗೊತ್ತಾಗವಲ್ದು. ನಾ ಒಬ್ಬಾಕಿ ಫೋನ್ ಮಾಡಿದ್ರ ‘ನೋಡ್ತೀವಿ’ ಅಂತಾರ.”

ಕುರಿ ಹೊಡೆದುಕೊಂಡು ಬಂದ ರಾಧಾಳ ಅಪ್ಪ ಮಾಳಿಂಗಪ್ಪ ನಕ್ಕ. “ನೆಟ್ ಇಲ್ದ ನಾವೇನು ಉಪಾಸ ಬಿದ್ದೀವೇನು? ದೂರು ಕೊಟ್ರ ಟವರ್ ಎದ್ದು ನಡಕೋತ ಬರ್ತದೇನು?”

ರಾಧಾ ಟಾಕಿಯಿಂದ ಇಳಿದಳು. ಮಾತಾಡುತ್ತಲೇ ಮೂವರೂ ಕುರಿದೊಡ್ಡಿಗೆ ಬಂದರು. ದೊಡ್ಡಿಯ ಬಾಗಿಲನ್ನು ಬಿಗಿದಿದ್ದ ಕರಿ ವೈರು ನೋಡಿ ಕಲ್ಯಾಣಿ ಗಕ್ಕನೆ ನಿಂತಳು.

“ಕಾಕಾ, ಇದೆಲ್ಲಿ ಸಿಕ್ತು?”

“ಪೈಪ್ ಹಾಕಾಕ ರಸ್ತಿ ಅಗೆದಿದ್ರಲ್ಲ, ಅಲ್ಲಿ ಹೊರಗ ಬಿದ್ದಿತ್ತು. ನಾನೇನು ದಡ್ಡ ಅಲ್ಲವ್ವ. ಟೆಸ್ಟರ್ ಹಚ್ಚಿ ನೋಡೀನಿ, ದೀಪ ಹತ್ತಲಿಲ್ಲ. ಕರೆಂಟಿಲ್ಲದ ವೈರು ಅಂತ ಕುಡಗೋಲಿಲೆ ಕೊಯ್ದೆ.”

“ಅದರಾಗ ಕರೆಂಟ್ ಹರಿಯಂಗಿಲ್ಲ ಕಾಕಾ, ಬೆಳಕು ಹರೀತದ. ಒಳಗ ಕೂದಲಿನಂಥ ಗಾಜಿನ ಎಳಿ ಅದ. ಇಡೀ ಊರಿನ ನೆಟ್ ಕೊಯ್ದು ಕುರಿಗೆ ಬಾಗಿಲ ಕಟ್ಟೀರಿ!”

ಮಾಳಿಂಗಪ್ಪನ ಮುಖ ಸಣ್ಣದಾಯಿತು. “ಮೆತ್ತಗ ಮಾತಾಡವ್ವ. ದಂಡ ಹಾಕ್ಯಾರು.”

ರಾಧಾ ಅಪ್ಪನಿಗೆ ಎಂದೂ ಎದುರಾಡಿದವಳಲ್ಲ. ಈಗ ಬಾಗಿಲಿನ ವೈರು ಹಿಡಿದು ಅಪ್ಪನ ಎದುರು ನಿಂತಳು.

“ಯಪ್ಪಾ, ನಾ ನಾಳೆ ರಾಯಚೂರಿಗೆ ಹೋಗಿ ನಂದು ತುಂಬಿ ಬರ್ತೀನಿ. ಊರಾಗ ಉಳಿದ ಹುಡುಗ್ಯಾರು ಏನು ಮಾಡಬೇಕು? ಎಲ್ಲಿ ಕೊಯ್ದಿ ಅಂತ ನೀ ಹೇಳು. ನೀ ಹೇಳಲಿಲ್ಲಂದ್ರ ನಾನ ಬರದು ಕೊಡ್ತೀನಿ.”

ಮರುದಿನ ಮೊದಲ ಬಸ್ಸಿಗೆ ರಾಧಾ ಹೋದಳು. ರಾಯಚೂರಿನ ಸೈಬರ್ ಅಂಗಡಿಯ ಸಾಲಿನಲ್ಲಿ ನಿಂತು ನಿಂತು ಅರ್ಜಿ ಕಳಿಸುವಾಗ ನಾಲ್ಕೂವರೆ. ಅದೇ ಹೊತ್ತಿಗೆ ಇತ್ತ ಮಾಳಿಂಗಪ್ಪ ಪಂಚಾಯ್ತಿ ಕಟ್ಟೆ ಹತ್ತಿದ್ದ. “ಕೊಯ್ದಾವ ನಾನರೀ. ದಂಡ ಹಾಕೋದಾದ್ರ ಹಾಕ್ರಿ. ಮೊದಲು ಬರ್ರಿ, ಜಾಗ ತೋರಸ್ತೀನಿ.”

ಕಲ್ಯಾಣಿ ದೂರು ಬರೆದಳು. ಹತ್ತು ಹೆಣ್ಣುಮಕ್ಕಳು ಸಹಿ ಹಾಕಿದರು, ಪಂಚಾಯ್ತಿಗೆ ಕೊಟ್ಟು ಸ್ವೀಕೃತಿ ಸಂಖ್ಯೆ ಪಡೆದರು. ಎರಡು ದಿನ ಯಾರೂ ಬರಲಿಲ್ಲ. ಮೂರನೆಯ ದಿನ ಮತ್ತೆ ಹೋಗಿ ಕೇಳಿದರು. ನಾಲ್ಕನೆಯ ದಿನ ಕೇಬಲ್ ಜೋಡಿಸುವವರು ಬಂದರು. ಜಾಗ ಹುಡುಕುವ ಕೆಲಸವೇ ಇರಲಿಲ್ಲ. ಮಾಳಿಂಗಪ್ಪ ಅಲ್ಲಿ ಕಲ್ಲು ನೆಟ್ಟು ಕಾದಿದ್ದ.

ಸೀಟಿನ ಪಟ್ಟಿ ಬಂದ ದಿನ ರಾಧಾ ಅದನ್ನು ಊರ ಗ್ರಂಥಾಲಯದಲ್ಲೇ ತೆರೆದಳು. ಮಾನ್ವಿಯಲ್ಲಿ ಸೀಟು ಸಿಕ್ಕಿತ್ತು. ಮಾಳಿಂಗಪ್ಪ ಪರದೆಯ ಮೇಲೆ ಬೆರಳಿಟ್ಟು, “ಇದಾ ಏನು ನಿನ್ನ ಹೆಸರು?” ಎಂದು ಮೂರು ಸಲ ಕೇಳಿದ.

ಅಕ್ಕಂದಿರೇ, ಅಣ್ಣಂದಿರೇ, ಹೊರಗೆ ಬಿದ್ದ ಕೇಬಲ್ ಕಂಡರೆ ಮುಟ್ಟಬೇಡಿ, ಕೊಯ್ಯಬೇಡಿ, ಪಂಚಾಯ್ತಿಗೆ ತಿಳಿಸಿ. ನೆಟ್ ಸತ್ತಿದ್ದರೆ ದೂರು ಬರೆದುಕೊಟ್ಟು ಸ್ವೀಕೃತಿ ಕೇಳಿ ಪಡೆಯಿರಿ. ನಿಮ್ಮೂರಿಗೆ ಕೇಬಲ್ಲೇ ಬಂದಿಲ್ಲವೇ? ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ, ನಿರ್ಣಯ ಬರೆಸಿ. ಒಂದು ಸಲ ಕೇಳಿ ಮನೆಗೆ ಬರಬೇಡಿ. ಬರುವ ತನಕ ಕೇಳಿ.