ಓಸ್ಮೊ ಇಟ್ಟ ಬೆಣೆ

ತುಯಿರೆ ಲಾತ್ವಲಾಳ ಜೀವ ಉಳಿಸಿದವನು ಓಸ್ಮೊ ರಿಂತಲ. ಹಾಪಕೊಸ್ಕಿ ಊರಿನಲ್ಲಿ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಿದ್ದರು. ಅಂಚೆಯವಳು ಹೇಳುತ್ತಿದ್ದಳು, ಪೆಟ್ರೋಲ್ ಬಂಕಿನವನು ಹೇಳುತ್ತಿದ್ದ, ಭಾನುವಾರ ಚರ್ಚು ಮುಗಿಸಿ ಕಾಫಿಗೆ ಕೂತ ಮುದುಕಿಯರಂತೂ ಅವಳ ಕೈ ಹಿಡಿದು, "ಓಸ್ಮೊ ಇಲ್ದೇ ಹೋಗಿದ್ರೆ ನಿನ್ನ ಗತಿ ಏನಾಗ್ತಿತ್ತು ಮಗಳೇ" ಎಂದು ಕಣ್ಣೊರೆಸಿಕೊಳ್ಳುತ್ತಿದ್ದರು. ತುಯಿರೆ "ಹೌದು" ಎನ್ನುತ್ತಿದ್ದಳು. ಮಾತು ಸುಳ್ಳಲ್ಲ. ಅರ್ಧ ನಿಜ, ಅಷ್ಟೇ. ಉಳಿದರ್ಧ ಏಳು ವರ್ಷದಿಂದ ಅವಳ ಹೊಟ್ಟೆಯಲ್ಲಿ ಕೆಂಡದ ಹಾಗೆ ಕೂತಿತ್ತು.

ಆಗ ಅವಳು ಬಡಗಿ. ಓಸ್ಮೊನ ತಂಡದಲ್ಲಿ ಅವಳೊಬ್ಬಳೇ ಹೆಂಗಸು, ಮೂವತ್ತೆಂಟರ ಪ್ರಾಯ, ಕಣ್ಣಳತೆಯಲ್ಲೇ ಹಲಗೆ ಕೊಯ್ಯುವಷ್ಟು ಪಳಗಿದ ಕೈ. ಸೆಪ್ಟೆಂಬರ್ ಕೊನೆ. ಕೆರೆಯ ದಂಡೆಯಲ್ಲಿ ಒಂದು ಮನೆಯ ಮಾಡು ಮುಚ್ಚಬೇಕಿತ್ತು, ಮಳೆ ತಲೆಯ ಮೇಲೇ ನಿಂತಿತ್ತು. ಅವಳ ಚಕ್ರಗರಗಸದ ಬ್ಲೇಡ್ ಮೊಂಡಾಗಿ, ಹಸಿ ಮರದಲ್ಲಿ ಕಚ್ಚಿಕೊಂಡು ಹಿಂದಕ್ಕೆ ಒದೆಯತೊಡಗಿತ್ತು. ಅವಳು ಪ್ಲಗ್ ಕಿತ್ತು, ಬ್ಲೇಡ್ ಬದಲಾಯಿಸಲು ಕೂತಳು.

"ಏನ್ ತುಯಿರೆ, ಸ್ವೆಟರ್ ಹೆಣೀತಾ ಕೂತ್ಯಾ?" ಎಂದು ಓಸ್ಮೊ ಮೇಲಿನಿಂದ ಕೂಗಿದ. "ನಿನ್ನ ಬ್ಲೇಡ್ ಬದಲಾಗೋ ಹೊತ್ತಿಗೆ ಹಿಮ ಬೀಳುತ್ತೆ. ತಗೋ, ನಂದು ತಗೋ."

ಮಾಡಿನಿಂದ ಬಗ್ಗಿ ತನ್ನ ಗರಗಸವನ್ನು ಅವಳ ಕೈಗೆ ತುರುಕಿದ. ಅವಳು ಅದನ್ನು ನೋಡಬೇಕಿತ್ತು. ನೋಡಲಿಲ್ಲ. ಹಲಗೆ ಕೊಯ್ದಳು, ಸ್ವಿಚ್ಚಿನ ಗುಂಡಿ ಬಿಟ್ಟಳು, ಸಾವಿರ ಸಲ ಮಾಡಿದಂತೆ ಗರಗಸವನ್ನು ತೊಡೆಯ ಪಕ್ಕಕ್ಕೆ ಇಳಿಸಿದಳು. ಹಲಗೆಯಿಂದ ಹೊರಬಂದ ಕೂಡಲೇ ಕೆಳಗಿನ ಗಾರ್ಡ್ ಎಂಬ ಕವಚ ತಾನಾಗಿ ಜಾರಿ ಬ್ಲೇಡಿನ ಹಲ್ಲುಗಳನ್ನು ಮುಚ್ಚಬೇಕು. ಅದು ಮುಚ್ಚಲಿಲ್ಲ. ಕೆಲಸ ಚುರುಕಾಗಲಿ ಎಂದು ಓಸ್ಮೊ ಬರ್ಚ್ ಮರದ ಒಂದು ಬೆಣೆ ಸಿಕ್ಕಿಸಿ ಗಾರ್ಡನ್ನು ಮೇಲೆತ್ತಿಯೇ ಇಟ್ಟಿದ್ದ. ಇನ್ನೂ ತಿರುಗುತ್ತಿದ್ದ ಬ್ಲೇಡ್ ಅವಳ ಬಲತೊಡೆಯನ್ನು ಎಲುಬಿನವರೆಗೂ ಸೀಳಿತು.

ಓಸ್ಮೊ ಒಂದೇ ನೆಗೆತಕ್ಕೆ ಕೆಳಗಿಳಿದ. ಬೆಲ್ಟ್ ಬಿಚ್ಚಿ ಅವಳ ತೊಡೆಗೆ ಬಿಗಿದ, ಮೊಣಕಾಲೂರಿ ಅದುಮಿ ಹಿಡಿದ. ಬೇರೆಯವರು ಆಂಬುಲೆನ್ಸಿಗೆ ಫೋನ್ ಮಾಡಲು ಓಡಿದ್ದರು. ಆಗ ತುಯಿರೆ ಮಸುಕು ಕಣ್ಣಲ್ಲಿ ಕಂಡದ್ದು ಇದು: ಅವನ ಎಡಗೈ ಅವಳ ರಕ್ತವನ್ನು ತಡೆದಿತ್ತು, ಬಲಗೈ ಗರಗಸದಿಂದ ಬೆಣೆಯನ್ನು ಹೊರಗೆಳೆದು ಜೇಬಿಗೆ ಹಾಕಿಕೊಂಡಿತು.

ವಿಚಾರಣೆಗೆ ಬಂದ ಅಧಿಕಾರಿಯ ಮುಂದೆ ಓಸ್ಮೊ, "ಗಾರ್ಡ್ ಸರಿಯಾಗೇ ಇತ್ತು. ಅವಳೇ ಅಜಾಗರೂಕಳಾಗಿದ್ಲು" ಎಂದ. ವರದಿಯಲ್ಲಿ ಅದೇ ಮಾತು ಅಚ್ಚಾಯಿತು. ಊರಿನ ಪತ್ರಿಕೆಯಲ್ಲಿ ಅವನ ಫೋಟೊ ಬಂತು, ಕೈಯಲ್ಲಿ ಬೆಲ್ಟ್. ಆಸ್ಪತ್ರೆಯಿಂದ ಬಂದ ಮೇಲೆ ತುಯಿರೆ ಬೆಣೆಯ ಸಂಗತಿ ಹೇಳಿದಳು. ಪಾಪ, ಅಷ್ಟು ರಕ್ತ ಹೋದರೆ ಯಾರಿಗಾದರೂ ಏನೇನೋ ಕಂಡೀತು ಎಂದರು ಜನ. ಉಪ್ಪುಂಡ ಮನೆಗೇ ಎರಡು ಬಗೆಯುವ ಹೆಂಗಸು ಎಂದು ಬೆನ್ನ ಹಿಂದೆ ಆಡಿಕೊಂಡವರೂ ಇದ್ದರು. ಅವಳು ಬಾಯಿ ಮುಚ್ಚಿದಳು. ಕಾಲು ಕುಂಟಾಯಿತು, ಮಾಡು ಹತ್ತುವ ಕೆಲಸ ತಪ್ಪಿತು.

ಆದರೆ ತುಯಿರೆ ಸುಮ್ಮನಿರುವ ಪೈಕಿಯಲ್ಲ. ಎರಡು ವರ್ಷ ಓದಿ, ತಾಲೂಕಿನ ತರಬೇತಿ ಶಾಲೆಯಲ್ಲಿ ಯಂತ್ರಗಳ ಸುರಕ್ಷತೆ ಕಲಿಸುವ ಶಿಕ್ಷಕಿಯಾದಳು. ಜನ ಮೆಚ್ಚಿದರು. ಯಾಕೆ ಆ ಕೆಲಸವನ್ನೇ ಹಿಡಿದಳೆಂದು ಮಾತ್ರ ಯಾರೂ ಕೇಳಲಿಲ್ಲ. ಇಂದಲ್ಲ ನಾಳೆ ಪ್ರತಿ ಕಂಪನಿಯೂ ತನ್ನ ಜನರನ್ನು ಅಲ್ಲಿಗೆ ಕಳಿಸಲೇಬೇಕು. ಅವಳು ಕಾದಳು. ಪ್ರತಿ ತರಗತಿಯ ಹೆಸರುಪಟ್ಟಿ ಬಂದಾಗಲೂ ಮೊದಲು ನೋಡುತ್ತಿದ್ದದ್ದು 'ರ' ಅಕ್ಷರವನ್ನು.

ಏಳನೆಯ ವರ್ಷದ ಮಾರ್ಚ್‌ನಲ್ಲಿ ಆ ಹೆಸರು ಬಂತು.

ಅವತ್ತು ಬೆಳಿಗ್ಗೆ ಎಂಟು ಜನ ಬೂಟಿನ ಹಿಮ ಕೊಡವಿಕೊಂಡು ಒಳಬಂದರು. ಓಸ್ಮೊ ಕೊನೆಯವನು. ಐವತ್ತಾರಾಗಿತ್ತು, ಹೊಟ್ಟೆ ಬಂದಿತ್ತು, ಈಗ ಮೂರು ಕಟ್ಟಡಗಳ ಮೇಲ್ವಿಚಾರಕ. ಅವನ ಜೊತೆ ಹಳೆಯ ಬಡಗಿ ವಿಲ್ಹೊ ಇದ್ದ. ಅರವತ್ತು ದಾಟಿದ ಮಿತಮಾತಿನ ಮನುಷ್ಯ, ಆ ಮಾಡಿನ ಮೇಲೂ ಅವರ ಜೊತೆ ಕೆಲಸ ಮಾಡಿದ್ದವನು.

"ಓಹೋ, ಮೇಡಂ!" ಎಂದು ಓಸ್ಮೊ ತೋಳು ಚಾಚಿದ. "ನೋಡ್ರಪ್ಪಾ, ನಾನು ಜೀವ ಉಳಿಸಿದ ಹೆಣ್ಣು ಇವತ್ತು ನನಗೇ ಗರಗಸ ಹಿಡಿಯೋದು ಕಲಿಸ್ತಾಳೆ!"

ಎಲ್ಲರೂ ನಕ್ಕರು. ತುಯಿರೆಯೂ ನಕ್ಕಳು. "ಕಾಫಿ ಕುಡೀರಿ. ಏಲಕ್ಕಿ ಬನ್ನು ಬಿಸಿ ಇದೆ" ಎಂದಳು.

ಊಟದ ತನಕ ಅವಳು ಯಾವ ಕೊರತೆಯೂ ಇಲ್ಲದಂತೆ ಪಾಠ ಮಾಡಿದಳು. ಮೊದಲು ಪ್ಲಗ್ ಕೀಳಬೇಕು. ಸ್ವಿಚ್ಚು ಆರಿಸಿದರೆ ಸಾಲದು, ಪ್ಲಗ್ಗು ಕಣ್ಣಿಗೆ ಕಾಣುವ ಕಡೆ ಇರಬೇಕು. ಬ್ಲೇಡನ್ನು ಬಿಗಿ ಹಿಡಿಯುವ ಗುಂಡಿ ಒತ್ತಿ ಬೋಲ್ಟ್ ಸಡಿಲಿಸಬೇಕು. ಹೊಸ ಬ್ಲೇಡಿನ ಮೇಲಿನ ಬಾಣದ ಗುರುತೂ ಯಂತ್ರದ ಮೇಲಿನ ಗುರುತೂ ಒಂದೇ ದಿಕ್ಕಿಗಿರಬೇಕು, ಮುಂಭಾಗದ ಹಲ್ಲುಗಳು ಮೇಲ್ಮುಖವಾಗಿರಬೇಕು. ಬಿಗಿದ ಮೇಲೆ ಕೈಯಿಂದ ಒಂದು ಸುತ್ತು ತಿರುಗಿಸಿ ನೋಡಬೇಕು. ಕೊನೆಗೆ ಗಾರ್ಡನ್ನು ಎತ್ತಿ ಬಿಡಬೇಕು. ಅದು ಟಪ್ಪೆಂದು ತಾನಾಗಿ ಮುಚ್ಚಿಕೊಳ್ಳದಿದ್ದರೆ ಆ ಗರಗಸವನ್ನು ಮುಟ್ಟಕೂಡದು.

"ಇದನ್ನ ಮರೆತವರ ಕಾಲು ಹೀಗಿರುತ್ತೆ" ಎಂದು ಪ್ಯಾಂಟಿನ ಮೇಲಿಂದಲೇ ತೊಡೆ ತಟ್ಟಿದಳು. ಓಸ್ಮೊ ಕಿಟಕಿಯ ಕಡೆ ನೋಡುತ್ತಿದ್ದ.

ಊಟದ ಬಿಡುವಿನಲ್ಲಿ ಎಲ್ಲರೂ ಬಟಾಣಿ ಸಾರು ಕುಡಿಯಲು ಹೋದಾಗ ಅವಳು ಕಪಾಟಿನಿಂದ ಒಂದು ಹಳೆಯ ಗರಗಸವನ್ನು ತೆಗೆದಳು. ಗುಂಡಿ ಬಿಟ್ಟ ಮೇಲೂ ಸುಮಾರು ಹೊತ್ತು ತಿರುಗುತ್ತಲೇ ಇರುವ ಜಾತಿಯದು. ಬರ್ಚ್ ಮರದ ತುಂಡೊಂದನ್ನು ಚಾಕುವಿನಿಂದ ಹೆರೆದು ಗಾರ್ಡಿಗೆ ಸಿಕ್ಕಿಸಿದಳು. ಬಚ್ಚಿಡಲಿಲ್ಲ. ಬಿಳೀ ಬೆಣೆ ಎದ್ದು ಕಾಣುತ್ತಿತ್ತು. ನೋಡಿದರೆ ಓಸ್ಮೊ ತೆಗೆಯುತ್ತಾನೆ, ತೆಗೆಯದಿದ್ದರೆ ಅವನ ಹಣೆಬರಹ ಎಂದು ತನಗೆ ತಾನೇ ಹೇಳಿಕೊಂಡಳು. ಅವನು ತೆಗೆಯುವುದಿಲ್ಲ ಎಂಬುದು ಅವಳಿಗೆ ಚೆನ್ನಾಗಿಯೇ ಗೊತ್ತಿತ್ತು. ಪ್ಲಗ್ಗನ್ನು ಗೋಡೆಗೆ ಸಿಕ್ಕಿಸಿದಳು.

"ಮೊದಲು ಯಾರು ಮಾಡಿ ತೋರಿಸ್ತೀರಿ?" ಎಂದಳು ಮಧ್ಯಾಹ್ನ. "ಓಸ್ಮೊ, ನೀನೇ ಬಾ. ನಿನ್ನಷ್ಟು ಅನುಭವ ಇಲ್ಲಿ ಯಾರಿಗಿದೆ?"

ಓಸ್ಮೊ ಅಂಗಿಯ ತೋಳು ಮಡಿಸಿಕೊಂಡು ಬಂದ. ಗರಗಸ ಎತ್ತಿಕೊಂಡ, ಬೆಣೆಯನ್ನು ನೋಡಿದ, ಅದರ ಮೇಲೆ ಹೆಬ್ಬೆರಳೂ ಆಡಿಸಿದ. ಹಳೆಯ ಗೆಳೆಯನೊಬ್ಬ ದಾರಿಯಲ್ಲಿ ಸಿಕ್ಕ ಹಾಗೆ ಅವನ ಮುಖ ಸಡಿಲವಾಯಿತು. ಪ್ಲಗ್ಗನ್ನು ಮುಟ್ಟಲಿಲ್ಲ. ಕಣ್ಣು ಮಿಟುಕಿಸುವಷ್ಟರಲ್ಲಿ ಬೋಲ್ಟ್ ಬಿಚ್ಚಿ, ಬ್ಲೇಡ್ ಬದಲಿಸಿ, ಬಿಗಿದ.

"ಎರಡು ನಿಮಿಷ. ಬೆಳಿಗ್ಗೆಯಿಂದ ಇದಕ್ಕೇನಾ ಇಷ್ಟು ಪುರಾಣ?" ಎಂದ.

"ಒಂದು ಹಲಗೆ ಕೊಯ್ದುಬಿಡು" ಎಂದಳು ತುಯಿರೆ. ತನ್ನ ದನಿ ಅವಳಿಗೇ ದೂರದಿಂದ ಕೇಳಿಸಿತು.

ಓಸ್ಮೊ ಹಲಗೆ ಕೊಯ್ದ. ತುಂಡು ನೆಲಕ್ಕೆ ಬಿತ್ತು. ಅವನು ಎಲ್ಲರ ಕಡೆ ತಿರುಗಿ, ಏನೋ ತಮಾಷೆಯ ಮಾತಿಗೆ ಬಾಯಿ ತೆರೆಯುತ್ತ, ಗರಗಸವನ್ನು ತೊಡೆಯ ಪಕ್ಕಕ್ಕೆ ಇಳಿಸತೊಡಗಿದ. ಹಲ್ಲುಗಳು ಗುಯ್ಯೆನ್ನುತ್ತಿದ್ದವು. ತುಯಿರೆ ನೋಡುತ್ತಲೇ ನಿಂತಳು. ತುಟಿ ಬಿಚ್ಚಲಿಲ್ಲ.

"ಓಸ್ಮೊ! ಕಾಲು!"

ವಿಲ್ಹೊ ಕೂಗಿದ್ದ. ಓಸ್ಮೊ ಬೆಚ್ಚಿ ಕೈಯನ್ನು ಆಚೆಗೆಳೆದ. ಬ್ಲೇಡ್ ಅವನ ಪ್ಯಾಂಟಿನ ಬಟ್ಟೆಯನ್ನು ಉದ್ದಕ್ಕೂ ಹರಿದು, ಚರ್ಮದ ಮೇಲೆ ಕೆಂಪು ಗೆರೆ ಎಳೆದು ಹೋಯಿತು. ಗರಗಸ ನೆಲಕ್ಕೆ ಬಿದ್ದು ಬುಗುರಿಯಂತೆ ಒದ್ದಾಡಿತು. ತುಯಿರೆ ಕುಂಟುತ್ತ ಹೋಗಿ ಪ್ಲಗ್ ಕಿತ್ತಳು. ಬ್ಲೇಡ್ ನಿಂತ ಮೇಲೆ ಬಗ್ಗಿ, ಎಲ್ಲರೂ ನೋಡುತ್ತಿರುವಂತೆಯೇ ಬೆಣೆಯನ್ನು ಎಳೆದು ಜೇಬಿಗೆ ಹಾಕಿಕೊಂಡಳು.

"ಕೊಲೆಗಡುಕಿ! ಬೇಕಂತಲೇ ಬೆಣೆ ಇಟ್ಟಿದ್ಲು!" ಓಸ್ಮೊನ ಮುಖ ಸುಣ್ಣದಂತಾಗಿತ್ತು.

"ಯಾವ ಬೆಣೆ? ಗಾರ್ಡ್ ಸರಿಯಾಗೇ ಇತ್ತು. ನೀನೇ ಅಜಾಗರೂಕನಾಗಿದ್ದೆ."

"ಸುಳ್ಳು ಬೊಗಳಬೇಡ! ನಿನ್ನ ಜೇಬಲ್ಲಿದೆ, ಎಲ್ಲರೂ ನೋಡಿದಾರೆ!"

"ಅವತ್ತು ಯಾರ ಜೇಬಲ್ಲಿತ್ತು?"

ಓಸ್ಮೊ ಸುತ್ತ ನೋಡಿದ. "ನಾನು ನಿನ್ನ ಜೀವ ಉಳಿಸ್ದೆ ಕಣೇ. ನನ್ನ ಬೆಲ್ಟ್ ಇಲ್ದಿದ್ರೆ…"

"ಬೆಲ್ಟ್ ಸಂಗತಿ ಊರಿಗೆಲ್ಲ ಗೊತ್ತು. ಬೆಣೆ ಯಾರ ಜೇಬಲ್ಲಿತ್ತು ಅಂತ ಕೇಳ್ದೆ."

ಅವನು ಬೆಂಚಿನ ಮೇಲೆ ಕುಸಿದ. ಹರಿದ ಪ್ಯಾಂಟನ್ನು ಎರಡೂ ಕೈಯಿಂದ ಒತ್ತಿ ಹಿಡಿದುಕೊಂಡ. "ನನ್ನ ಜೇಬಲ್ಲಿ" ಎಂದ. "ಹೆದರಿಕೆ ಆಯ್ತು. ಏನು ಮಾಡ್ತಿದೀನಿ ಅಂತ್ಲೇ ಗೊತ್ತಾಗ್ಲಿಲ್ಲ."

"ಏಳು ವರ್ಷ ಗೊತ್ತಾಗ್ಲಿಲ್ವಾ?" ಎಂದು ಕೇಳಿದವನು ವಿಲ್ಹೊ.

ತುಯಿರೆಯ ಮೈಯಲ್ಲೆಲ್ಲ ಬಿಸಿ ಹರಿಯಿತು. ಸೌನಾ ಎಂಬ ಬಿಸಿಸ್ನಾನದ ಮನೆಯ ಕಾದ ಕಲ್ಲಿನ ಮೇಲೆ ನೀರು ಹೊಯ್ದಾಗ ಏಳುವ ಹಬೆಯಂಥ ಸುಖ. ಅದನ್ನು ಅವಳು ಯಾರಿಂದಲೂ ಮುಚ್ಚಿಡಲಿಲ್ಲ. ಔಷಧದ ಡಬ್ಬಿ ತಂದು ಅವನ ಮುಂದಿಟ್ಟಳು, ಗಾಯಕ್ಕೆ ಮಾತ್ರ ಕೈ ಹಚ್ಚಲಿಲ್ಲ. ಆಮೇಲೆ ತಾನೇ ಅಪಘಾತದ ವರದಿ ಬರೆಯಲು ಕೂತಳು: "ಬೆಣೆ ಇಟ್ಟವಳು ನಾನು. ತಿಳಿದೇ ಇಟ್ಟೆ." ಕೆಳಗೆ ಸಹಿ ಹಾಕಿದಳು.

ಶಾಲೆ ಅವಳನ್ನು ಕೆಲಸದಿಂದ ತೆಗೆಯಿತು. ಪೊಲೀಸರು ಕರೆಸಿ ಕೇಳಿದರು, ಪ್ರಕರಣ ನ್ಯಾಯಾಲಯಕ್ಕೂ ಹೋಯಿತು, ದಂಡ ಬಿತ್ತು. ಅವಳು ವಾದಿಸಲಿಲ್ಲ. ವಿಲ್ಹೊ ಹಳೆಯ ಅಪಘಾತದ ಬಗ್ಗೆ ಅಧಿಕಾರಿಗಳಿಗೆ ಕಾಗದ ಬರೆದ. ಕಂಪನಿ ಓಸ್ಮೊನನ್ನು ಮೇಲ್ವಿಚಾರಣೆಯಿಂದ ಇಳಿಸಿತು. ಮೇ ತಿಂಗಳಲ್ಲಿ ತಿದ್ದಿದ ವರದಿ ಅವಳ ಕೈ ಸೇರಿತು. 'ಅಜಾಗರೂಕತೆ' ಎಂಬ ಪದ ಅದರಲ್ಲಿ ಇರಲಿಲ್ಲ. ಅಂಚೆಪೆಟ್ಟಿಗೆಯ ಪಕ್ಕದಲ್ಲೇ ನಿಂತು ಮೂರು ಸಲ ಓದಿದಳು.

ವಿಲ್ಹೊ ಒಂದು ದಿನ ಅವಳ ಮನೆಗೆ ಬಂದ. ಕಾಫಿ ಕುಡಿದು ಬಟ್ಟಲು ಕೆಳಗಿಟ್ಟ.

"ನಾನು ಕೂಗದಿದ್ರೆ ನೀನು ಕೂಗ್ತಿದ್ಯಾ?" ಎಂದು ಕೇಳಿದ.

ಅವಳು ಸುಳ್ಳು ಹೇಳಬಹುದಿತ್ತು. "ಗೊತ್ತಿಲ್ಲ ವಿಲ್ಹೊ. ಕೂಗ್ತಿರಲಿಲ್ಲ ಅನ್ಸುತ್ತೆ."

ವಿಲ್ಹೊ ತಲೆಯಾಡಿಸಿ, ಟೋಪಿ ಹಾಕಿಕೊಂಡು ಎದ್ದ. "ಅವತ್ತು ನಿನ್ನ ಮಾತು ನಂಬಬೇಕಿತ್ತು. ಅದು ನನ್ನ ತಪ್ಪು. ಇದು ಮಾತ್ರ ನಿಂದು" ಎಂದು ಹೊರಟುಹೋದ. ಮತ್ತೆಂದೂ ಅವಳ ಮನೆಗೆ ಕಾಫಿಗೆ ಬರಲಿಲ್ಲ.

ಬೇಸಿಗೆಯಲ್ಲಿ ತುಯಿರೆ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಗರಗಸದ ಬ್ಲೇಡು ಹರಿತ ಮಾಡುವ ಕೆಲಸ ಶುರುಮಾಡಿದಳು. ಮೊದಲ ವಾರ ಯಾರೂ ಬರಲಿಲ್ಲ. ಆಮೇಲೆ ಒಬ್ಬೊಬ್ಬರೇ ಬಂದರು. ಜುಲೈನ ಒಂದು ಮಧ್ಯಾಹ್ನ ಓಸ್ಮೊ ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ಪತ್ರಿಕೆಯ ಹಾಳೆಯಲ್ಲಿ ಸುತ್ತಿದ ಎರಡು ಬ್ಲೇಡು, ಮೈಯಲ್ಲಿ ಮತ್ತೆ ಸಾದಾ ಬಡಗಿಯ ಬಟ್ಟೆ. ಒಳಗೆ ಕಾಲಿಡಲಿಲ್ಲ.

"ಇವನ್ನ ಹರಿತ ಮಾಡಿ ಕೊಡ್ತೀಯಾ?" ಎಂದು ಕೇಳಿದ.

ತುಯಿರೆ ಅವನನ್ನು ಎಷ್ಟೋ ಹೊತ್ತು ಹಾಗೆಯೇ ನಿಲ್ಲಿಸಿದಳು. ಬಿಸಿಲು ಅವನ ನೆತ್ತಿ ಸುಡುತ್ತಿತ್ತು, ಸೊಳ್ಳೆಗಳು ಕುತ್ತಿಗೆಗೆ ಮುತ್ತಿದ್ದವು, ಅವನು ಕೈಯೆತ್ತಿ ಓಡಿಸಲೂ ಇಲ್ಲ. ಅವನು ಹಾಗೆ ನಿಂತಿರುವುದನ್ನು ನೋಡುವುದು ಅವಳಿಗೆ ಇನ್ನೂ ಹಿತವಾಗಿಯೇ ಇತ್ತು.

"ಇಲ್ಲ" ಎಂದಳು ಕೊನೆಗೆ. "ಬೇರೆ ಕಡೆ ಹೋಗು."

ಅವನು ಹೋದ. ಅವಳು ಕನ್ನಡಕ ಸರಿಮಾಡಿಕೊಂಡು, ಪಕ್ಕದೂರಿನವರು ಕೊಟ್ಟಿದ್ದ ಬ್ಲೇಡನ್ನು ಕೈಗೆತ್ತಿಕೊಂಡಳು.