ನೀರು ಬಿಡದ ಬರ್ಫು

ಅಬ್ದುಲರೌಫ ಮದುವೆ ಮಂಟಪ ಸಿಂಗರಿಸುವ ಕೆಲಸಕ್ಕೆ ಬರುವ ಮೊದಲು ಗಂಗಾವತಿಯ ಬೀದಿಗಳಲ್ಲಿ ಬರ್ಫು, ಅಂದರೆ ಮಂಜುಗಡ್ಡೆ, ಮಾರುತ್ತಿದ್ದವನು. ಭತ್ತದ ಹೊಟ್ಟಿನಲ್ಲಿ ಹುದುಗಿಸಿ, ಗೋಣಿಚೀಲ ಹೊದಿಸಿ, ಸೈಕಲ್ಲಿನ ಮೇಲೆ ಮರಳಿ ಊರಿನವರೆಗೂ ಒಯ್ದು ಮಾರಿದವನು. ಹಾಗಾಗಿ ಬರ್ಫಿನ ವಿಷಯದಲ್ಲಿ ಯಾರಾದರೂ ಬುದ್ಧಿ ಹೇಳಿದರೆ ಆತನಿಗೆ ಮೂಗಿನ ತುದಿಯಲ್ಲೇ ಕೋಪ. ಹೇಳುವವಳು ಸ್ವಂತ ಮಗಳಾದರಂತೂ ಮುಗಿದೇ ಹೋಯಿತು.

ಮಗಳು ತಸ್ಲೀಮಾ ಬಿ.ಎಸ್ಸಿ. ಮುಗಿಸಿ ಅಪ್ಪನ ಅಂಗಡಿಯಲ್ಲೇ ಕೂತಿದ್ದಳು. ಮದುಮಗಳು ಮೋಡದ ಮೇಲೆ ನಡೆದು ಬರುವಂತೆ ಮಾಡುವ ಹೊಸ ಕೆಲಸ ಶುರು ಮಾಡೋಣವೆಂದು ಅಪ್ಪನ ತಲೆ ತಿನ್ನುತ್ತಿದ್ದಳು. ಕೊನೆಗೆ ಆತ, "ಮರಳಿ ಊರಿನ ಮದುವ್ಯಾಗ ಮಾಡಿ ತೋರ್ಸು. ಛಲೋ ಆದ್ರ ಆ ಕೆಲಸ ನಿಂದು. ಇಲ್ಲಾಂದ್ರ ಮತ್ತ ಅದರ ಸುದ್ದಿ ತಗೀಬ್ಯಾಡ," ಎಂದ.

ಹುಬ್ಬಳ್ಳಿಯಿಂದ ಥರ್ಮೊಕೋಲ್ ಪೆಟ್ಟಿಗೆಯಲ್ಲಿ ಡ್ರೈ ಐಸ್ ಬಂತು. ಬಿಸಿನೀರಿಗೆ ಹಾಕಿದರೆ ಬೆಳ್ಳನೆಯ ಮೋಡ ಏಳುತ್ತದೆ. ಬರಿಗೈಯಲ್ಲಿ ಮುಟ್ಟಬಾರದು, ಬಾಯಿಗಂತೂ ಹೋಗಲೇಬಾರದು ಎಂದು ತಸ್ಲೀಮಾ ಅಪ್ಪನಿಗೆ ಬೆಳಿಗ್ಗೆಯೇ ಹೇಳಿದ್ದಳು. ಪೆಟ್ಟಿಗೆಯನ್ನು ಅಡುಗೆಮನೆಯ ಪಕ್ಕದ ಪಡಸಾಲೆಯಲ್ಲಿ ಇಟ್ಟಿದ್ದರು.

ಮದುವೆ ಎಂದ ಮೇಲೆ ಬೀಗರು ಮುನಿಸಿಕೊಳ್ಳದಿದ್ದರೆ ಹೇಗೆ? ವರನ ಸೋದರತ್ತೆ ಕನಕಮ್ಮ ಯಲಬುರ್ಗಾ ಕಡೆಯ ಮಂಗಳೂರಿನಿಂದ ಬಂದಿದ್ದಳು. ಬಾಗಿಲಲ್ಲಿ ಯಾರೂ ತನ್ನ ಕಾಲಿಗೆ ನೀರು ಕೊಡಲಿಲ್ಲವೆಂದು ಜೀಪಿನಿಂದ ಇಳಿಯಲೇ ಇಲ್ಲ. ಅವಳನ್ನು ಸಮಾಧಾನ ಮಾಡಿ, ಒಳಗೆ ಕರೆತಂದು, ಕೈಗೆ ಶರಬತ್ತು ಕೊಡುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿತ್ತು.

ತಸ್ಲೀಮಾ ವೇದಿಕೆಯ ಹಿಂದೆ ನೀರು ಕಾಯಿಸುತ್ತಿದ್ದಾಗ ಅಬ್ದುಲರೌಫ ಪೆಟ್ಟಿಗೆ ತೆಗೆದು ನೋಡಿದ. ಬರ್ಫು ಅರ್ಧಕ್ಕೆ ಇಳಿದಿತ್ತು. ಕರಗಿದ್ದರೆ ತಳದಲ್ಲಿ ನೀರಿರಬೇಕಲ್ಲ? ತಳ ಒಣಗಿತ್ತು. ಅನುಭವಸ್ಥನಿಗೆ ಇನ್ನೇನು ಬೇಕು, ಕಳ್ಳತನವೇ ಸರಿ. ಅಷ್ಟರಲ್ಲಿ ಅಡುಗೆಯ ಓಬಳೆಪ್ಪ ಕಣ್ಣಿಗೆ ಬಿದ್ದ. ಕೈಯಲ್ಲಿ ಶರಬತ್ತಿನ ಜಗ್ಗು, ಅದರೊಳಗೆ ತೇಲುವ ಬರ್ಫು.

"ಓಬಳೆಪ್ಪ, ನಮ್ಮ ಪೆಟಿಗ್ಯಾಗಿನ ಬರ್ಫ ತಗೊಂಡೀಯೇನು? ಅದು ಕುಡ್ಯೂದಲ್ಲಪಾ, ಹೊಟ್ಟಿ ಸುಡತೈತಿ."

"ಇದು ಅಂಗಡ್ಯಾಗ ತಂದದ್ದು," ಎಂದ ಓಬಳೆಪ್ಪ. ಕೇಳುವವರು ಯಾರು? ಕನಕಮ್ಮ ಗ್ಲಾಸು ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡಳು. ಅವಳ ಹೊಟ್ಟೆಗೆ ಏನೂ ಆಗಿರಲಿಲ್ಲ, ಆದರೆ ಆಗುವುದಕ್ಕೆ ತಯಾರಾಗಿತ್ತು. ಓಬಳೆಪ್ಪ ಹೆಗಲ ಮೇಲಿನ ಟವೆಲ್ ಕೊಡವಿ, "ಕಳ್ಳನ ಕೈಯಾಗಿಂದು ಯಾಕ ಉಣ್ತೀರಿ? ನಾ ಹೊಂಟೆ," ಎಂದ. ಹೋಳಿಗೆ ಹಂಚು ಖಾಲಿ ಕಾಯತೊಡಗಿತು.

ತಸ್ಲೀಮಾ ಓಡಿ ಬಂದಳು. ಪೆಟ್ಟಿಗೆ ನೋಡಿದ ಕೂಡಲೇ ಅವಳಿಗೆ ಎಲ್ಲ ಗೊತ್ತಾಯಿತು. ನಾಲ್ಕು ಜನರೆದುರು ಅಪ್ಪನದು ತಪ್ಪು ಎಂದು ಅವಳು ಎಂದೂ ಅಂದವಳಲ್ಲ. ಸುಮ್ಮನಿದ್ದರೆ ಓಬಳೆಪ್ಪ ಕಳ್ಳನಾಗುತ್ತಾನೆ.

"ಅಬ್ಬಾ," ಎಂದು ಅಪ್ಪನ ಕಡೆ ತಿರುಗಿದಳು. "ಯಾರೂ ಕದ್ದಿಲ್ಲ. ಇದು ನೀರಿನ ಬರ್ಫ ಅಲ್ಲ. ನಾವು ಉಸರು ಬಿಡ್ತೀವಲ್ಲ, ಅದರಾಗಿನ ಗಾಳಿ ಹೆಪ್ಪುಗಟ್ಟಿದ್ದು. ಕರಗಂಗಿಲ್ಲ, ಸೀದಾ ಗಾಳಿ ಆಗ್ತೈತಿ. ಕರ್ಪೂರದ ಡಬ್ಬಿ ಮುಚ್ಚಳ ತಗದಿಟ್ರ ಏನಾಗ್ತೈತಿ ಹೇಳ್ರಿ?"

"ಬರೇ ಮಾತು ಬ್ಯಾಡ, ತೋರ್ಸು," ಎಂದಳು ಕನಕಮ್ಮ.

ತಸ್ಲೀಮಾ ಬಿಸಿಲಲ್ಲಿ ಎರಡು ಎಲೆ ಹಾಕಿದಳು. ಒಂದರ ಮೇಲೆ ಶರಬತ್ತಿನ ಬರ್ಫು, ಇನ್ನೊಂದರ ಮೇಲೆ ಇಕ್ಕಳದಿಂದ ಪೆಟ್ಟಿಗೆಯ ಒಂದು ಚೂರು ಇಟ್ಟಳು.

"ಇಷ್ಟು ಸಣ್ಣದು ನೀರು ಬಿಟ್ರೂ ಕಾಣಂಗಿಲ್ಲ. ದೊಡ್ಡದು ಇಡು," ಎಂದಳು ಕನಕಮ್ಮ.

ದೊಡ್ಡದು ಇಟ್ಟರೆ ಮೋಡಕ್ಕೆ ಏನು ಉಳಿಯುತ್ತದೆ? ಮೋಡ ಏಳದಿದ್ದರೆ ಕೆಲಸ ಕೈತಪ್ಪಿತು. ತಸ್ಲೀಮಾಗೆ ಅಳುವೇ ಬಂತು. ಓಬಳೆಪ್ಪನ ಮುಖ ನೋಡಿದಳು, ದೊಡ್ಡ ತುಂಡನ್ನೇ ಇಕ್ಕಳದಿಂದ ಎತ್ತಿ ಒಡೆದು ಎಲೆಯ ತುಂಬ ಹರಡಿದಳು.

ಬೀಗರೆಲ್ಲ ಸುತ್ತ ನಿಂತು ಕಾದರು. ಶರಬತ್ತಿನ ಬರ್ಫು ನೀರಾಗಿ ಎಲೆಯಿಂದ ಹರಿಯಿತು. ಇನ್ನೊಂದು ಎಲೆಯಲ್ಲಿ ಬಿಳಿ ಚೂರುಗಳು ಹೊಗೆಯಾಡುತ್ತ ಸಣ್ಣಗಾಗಿ, ಕೊನೆಗೆ ಇಲ್ಲವಾದವು. ಅಬ್ದುಲರೌಫ ಬಗ್ಗಿ ಎಲೆಯ ಮೇಲೆ ಕೈಯಾಡಿಸಿದ. ಒಣಗಿತ್ತು. ಆತ ಎದ್ದು ಹೋಗಿ ಓಬಳೆಪ್ಪನ ಕೈ ಹಿಡಿದುಕೊಂಡ.

"ತಪ್ಪಾತಪಾ."

"ಇರ್ಲಿ ಬಿಡು ರೌಫಣ್ಣ, ಹಂಚು ಖಾಲಿ ಕಾಯಾಕತ್ತೈತಿ," ಎಂದು ಓಬಳೆಪ್ಪ ಒಳಗೆ ಹೋದ. ಕನಕಮ್ಮ ಇನ್ನೊಂದು ಗ್ಲಾಸು ಶರಬತ್ತು ತರಿಸಿಕೊಂಡಳು.

ಸೊಂಟದವರೆಗೆ ಏಳಬೇಕಿದ್ದ ಮೋಡ ಕಾಲ್ಗೆಜ್ಜೆಯವರೆಗೆ ಎದ್ದು ನಿಂತಿತು. ತಸ್ಲೀಮಾ ತಲೆ ಎತ್ತಲಿಲ್ಲ. ಆದರೆ ಮದುಮಗಳು ಸುನಿತಾ, "ಅಕ್ಕಾ, ಕಾಲು ತಣ್ಣಗ ಆಗಾಕತ್ಯಾವ," ಎಂದು ನಕ್ಕಳು. ಅದನ್ನು ಕೇಳಿದ್ದೇ ತಡ, ಕನಕಮ್ಮ ಚಪ್ಪಲಿ ಬಿಟ್ಟು ತಾನೂ ಮೋಡದೊಳಗೆ ಹೋಗಿ ನಿಂತಳು.

"ಕಾಲಿಗೆ ನೀರು ಕೊಡದಿದ್ರೂ ಮೋಡ ಕೊಟ್ರಿ. ಇರ್ಲಿ."

ಊಟವಾದ ಮೇಲೆ ಕನಕಮ್ಮನ ತಮ್ಮ ಅಬ್ದುಲರೌಫನ ಹತ್ತಿರ ಬಂದ. ಕುಷ್ಟಗಿಯಲ್ಲಿ ತನ್ನ ಮಗಳ ಮದುವೆಯಿದೆ, ಇಂಥದೇ ಮೋಡ ಬೇಕು ಎಂದ. ಅಬ್ದುಲರೌಫ ಖಾಲಿ ಪೆಟ್ಟಿಗೆ ಒರೆಸುತ್ತಿದ್ದ ಮಗಳ ಕಡೆ ಕೈ ತೋರಿಸಿದ.

"ನನಗ ನೀರು ಬಿಡೂ ಬರ್ಫ ಅಷ್ಟ ಗೊತ್ತ್ರಿ. ಇದರ ಮಾಲಕ್ರು ಅಲ್ಲಿ ನಿಂತಾರ, ಅವರನ್ನ ಕೇಳ್ರಿ."

ಮಾಲಕರು ಯಾರು ಬಂದರೆಂದು ತಸ್ಲೀಮಾ ಹಿಂದೆ ತಿರುಗಿ ನೋಡಿದಳು. ಹಿಂದೆ ಗೋಡೆ ಮಾತ್ರ ಇತ್ತು.